ಯುನಿಫಾರ್ಮ್ ಮೈಮ್ಯಾಲ ಇರೂತನಕ

ಕರಾಟೆ ಕಲಿಸುವವರ ಬದುಕಿನಲ್ಲಿ ಬರೀ ಹೊಡೆತ ಬಡಿತದ ಕಥೆಗಳಿರುತ್ತವೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ನನಗೆ ತಲೆನೋವು ತಂದದ್ದೆಲ್ಲ ಕೈಕಾಲಲ್ಲ, ಬಟ್ಟೆ. ಒಂದು ಬಿಳಿ ಅಂಗಿ, ಒಂದು ಬಿಳಿ ಪ್ಯಾಂಟು, ನಡುವಿಗೊಂದು ಬೆಲ್ಟು. ಇಷ್ಟು ಹಾಕಿಕೊಂಡರೆ ಸಾಕು, ನಿನ್ನೆಯವರೆಗೆ ನೆಟ್ಟಗಿದ್ದ ಮನುಷ್ಯರು ಇವತ್ತು ಏನೋ ಆಗಿಬಿಡುತ್ತಾರೆ. ಒಬ್ಬರನ್ನು ನೋಡಿ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ.

ನಾನು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದವಳು. ದಿನಾ ಮುಂಜಾನೆ ಇಲ್ಲಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಹೆಂಗಸರಿಗೆ ಕರಾಟೆ ಕಲಿಸುತ್ತೇನೆ. ಹಿಂದಿನ ದಿನ ಮದುವೆ ಆಗಿದ್ದರೆ ನೆಲದ ತುಂಬ ಬಿದ್ದ ಅಕ್ಷತೆಯನ್ನು ಮೊದಲು ಗುಡಿಸಿ, ಆಮೇಲೆ ಒದೆಯಲು ಶುರು ಮಾಡುತ್ತೇವೆ. ರವಿವಾರ ಇಚಲಕರಂಜಿಗೆ ಹೋಗಿ ಕಬನೂರಿನ ಒಂದು ಮಗ್ಗದ ಶೆಡ್ಡಿನ ಮಾಳಿಗೆಯಲ್ಲಿ ಗಂಡಸರಿಗೆ ಕಲಿಸುತ್ತೇನೆ. ನನ್ನಲ್ಲಿ ಎರಡೇ ನಿಯಮ, ಎರಡೂ ಕೊಲ್ಹಾಪುರದ ನನ್ನ ಗುರುಗಳಿಂದ ಬಂದವು. ಯುನಿಫಾರ್ಮ್ ಇಲ್ಲದೆ ಯಾರೂ ಒಳಗೆ ಕಾಲಿಡಬಾರದು. ಯುನಿಫಾರ್ಮ್ ಮೈಮೇಲೆ ಇರುವತನಕ ಅತ್ತೆ ಇಲ್ಲ, ಸೊಸೆ ಇಲ್ಲ, ಸಾಹುಕಾರ ಇಲ್ಲ, ಆಳು ಇಲ್ಲ; ಸಣ್ಣ ಬೆಲ್ಟಿನವರು ದೊಡ್ಡ ಬೆಲ್ಟಿನವರಿಗೆ ಮೊದಲು ಬಾಗಬೇಕು. ಈ ಎರಡನೇ ನಿಯಮವನ್ನು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ಅದು ಯಾರ ಮನೆಯ ಅಡುಗೆಮನೆಯೊಳಗೆ ಹೋಗಿ ಕೂತೀತು ಎಂಬ ಅಂದಾಜು ನನಗಿರಲಿಲ್ಲ.

೧. ಮುಂಜಾನೆಯ ಬಸುರು

ಊರ ಅಂಚಿನ ಕುರುಬರ ಓಣಿಯಿಂದ ಒಬ್ಬ ಸೊಸೆ ಕ್ಲಾಸಿಗೆ ಬಂದಳು. ತವರು ಮುರಗೂಡ. ಸಾಲೆಯಲ್ಲಿದ್ದಾಗ ಕಬಡ್ಡಿ ಆಡಿದವಳು. ಗಂಡ ಕೊಲ್ಹಾಪುರದ ಒಂದು ಫೌಂಡ್ರಿಯಲ್ಲಿದ್ದು ರಜೆಗೆ ಮಾತ್ರ ಊರಿಗೆ ಬರುತ್ತಾನೆ. ಮನೆಯಲ್ಲಿ ಅತ್ತೆ, ಮಾವ, ಒಂದು ಹಿಂಡು ಕುರಿ. ಕರಾಟೆ ಯಾಕೆ ಕಲಿಯಬೇಕು ಎಂದು ಕೇಳಿದೆ.

"ಒದರಬೇಕ್ರಿ ಬಾಯಾರ," ಅಂದಳು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಬಾಯಾರು.

"ಅಂದ್ರ?"

"ನೀವೆಲ್ಲಾ ಹೊಡಿಯೂಮುಂದ 'ಹಾ' ಅಂತ ಒದರತೀರಲ್ರಿ, ರಸ್ತೆತನಕ ಕೇಳಸ್ತೈತಿ. ಲಗ್ನ ಆದಾಗಿಂದ ನಾ ಒಮ್ಮೆನೂ ಜೋರಾಗಿ ಒದರಿಲ್ರಿ. ಹಿಂಗ ಬಿಟ್ರ ದನಿನ ಸತ್ತ ಹೋಗತೈತಿ ಅನಸಾಕತ್ತೈತಿ."

ಇಂಥ ಕಾರಣ ಹೇಳಿ ಬಂದವರು ನನಗೆ ಮೊದಲು ಸಿಕ್ಕಿರಲಿಲ್ಲ. ಆ ಹುಡುಗಿ ನನಗೆ ಆಗಲೇ ಸೇರಿದಳು. ಆದರೆ ಅವಳಿಗೆ ಒಂದೇ ಅಂಜಿಕೆ, ಪ್ಯಾಂಟು. ಅವರ ಮನೆಯಲ್ಲಿ ಸೊಸೆ ಸೀರೆ ಬಿಟ್ಟು ಬೇರೆ ತೊಡುವಂತಿಲ್ಲ. ಪ್ಯಾಂಟು ಹಾಕಿದ್ದು ಅತ್ತೆಯ ಕಿವಿಗೆ ಬಿದ್ದರೆ ಅವತ್ತೇ ಕ್ಲಾಸ್ ಬಂದ್. ನನ್ನಲ್ಲಿ ಯುನಿಫಾರ್ಮ್ ಇಲ್ಲದೆ ಪ್ರವೇಶವಿಲ್ಲ, ಅವಳ ಮನೆಯಲ್ಲಿ ಯುನಿಫಾರ್ಮ್ ಇದ್ದರೆ ಪ್ರವೇಶವಿಲ್ಲ.

ದಾರಿಯನ್ನು ಅವಳೇ ಹುಡುಕಿಕೊಂಡಳು. ಯೋಗಾ ಕ್ಲಾಸ್ ಎಂದು ಮನೆಯಲ್ಲಿ ಹೇಳಿ, ಒಳಗೆ ಯುನಿಫಾರ್ಮ್ ಹಾಕಿ, ಮೇಲೆ ಸೀರೆ ಉಟ್ಟು ಬರತೊಡಗಿದಳು. ಕಾರ್ಯಾಲಯದ ಹಾಲಿನ ಮೂಲೆಯಲ್ಲಿ ಸೀರೆ ಬಿಚ್ಚಿ ಇಟ್ಟರೆ ಒಳಗಿನಿಂದ ಕರಾಟೆಯವಳು ಹೊರಗೆ ಬರುತ್ತಿದ್ದಳು. ಮೊದಲ ಸಲ ಅವಳು ಒದರಿದಾಗ ಕಾರ್ಯಾಲಯದ ಪಾರಿವಾಳಗಳೆಲ್ಲ ಹಾರಿಹೋದವು. ತವರಿಗೆ ಹೋಗುತ್ತೇನೆಂದು ಹೇಳಿ ಕೊಲ್ಹಾಪುರಕ್ಕೆ ಬಂದು ಪರೀಕ್ಷೆ ಕೊಟ್ಟು ಬಿಳಿಯ ಮೇಲಿನ ಹಳದಿ ಬೆಲ್ಟೂ ತೆಗೆದುಕೊಂಡಳು.

ಆದರೆ ಯುನಿಫಾರ್ಮಿನ ಬಟ್ಟೆ ದಪ್ಪ. ಬೆಲ್ಟಿನ ಗಂಟು ಬರುವುದು ಸರಿಯಾಗಿ ಹೊಟ್ಟೆಯ ಮೇಲೆ. ಅದರ ಮೇಲೆ ಸೀರೆಯ ನಿರಿಗೆ. ನಳದ ಹತ್ತಿರ ನೀರಿಗೆ ನಿಂತ ಹೆಂಗಸರು ಒಂದು ವಾರ ನೋಡಿ, ಎರಡನೇ ವಾರ ಅತ್ತೆಗೆ ಶುಭ ಸುದ್ದಿ ಮುಟ್ಟಿಸಿದರು. ಅತ್ತೆಗೆ ಹಿಡಿಸಲಾರದಷ್ಟು ಖುಷಿ. ಸೊಸೆಯ ರೊಟ್ಟಿಗೆ ತುಪ್ಪ ಬಿತ್ತು, ಉಡಿಗೆ ಮಾವಿನಕಾಯಿ ಬಿದ್ದವು. ಹುಡುಗಿ ನನ್ನ ಹತ್ತಿರ ಅಳುಮೋರೆ ಮಾಡಿಕೊಂಡು ಬಂದಳು.

"ಖರೆ ಹೇಳಿದ್ರ ಕ್ಲಾಸ್ ಹೋಗತೈತಿ. ಸುಮ್ಮ ಇದ್ರ ಒಂಬತ್ತ ತಿಂಗಳಿಗೆ ಅತ್ತಿ ಕೈಯಾಗ ಏನ್ ಕೊಡ್ಲಿರಿ ಬಾಯಾರ?"

ನಾನು ಉತ್ತರ ಹುಡುಕುತ್ತಿರುವಾಗಲೇ ಅತ್ತೆ ಸಂತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ಎತ್ತರದ ಹೆಂಗಸು, ಕಚ್ಚೆ ಹಾಕಿ ಉಟ್ಟ ಒಂಬತ್ತು ವಾರಿ ಸೀರೆ, ಹಣೆಯಲ್ಲಿ ಅರಿಷಿಣದ ಭಂಡಾರ. ಆಚೀಚೆ ನೋಡಿ ದನಿ ಇಳಿಸಿದಳು.

"ಯೋಗಾ ಬಾಯಾರ ನೀವ ಅಲ್ಲೇನ್ರಿ? ಒಂದ ಮಾತ ಕೇಳತೇನಿ. ನಮ್ಮ ಸೊಸಿಗಿ ಮುಂಜಾನೆ ಹೊಟ್ಟಿ ಇರತೈತಿ, ಮಧ್ಯಾಹ್ನ ಇರೂದಿಲ್ಲ. ದಿನಾ ಎಲ್ಲಿ ಇಟ್ಟ ಬರತಾಳ್ರಿ ಆಕಿ?"

೨. ನಮಸ್ಕಾರದ ರುಚಿ

ನಾನು ಏನೋ ತೊದಲಿ ಜಾಗ ಖಾಲಿ ಮಾಡಿದೆ. ಅದರಿಂದ ಸಂಶಯ ಇನ್ನೂ ಗಟ್ಟಿಯಾಗಿರಬೇಕು. ಮರುದಿನ ಮುಂಜಾನೆ ಅತ್ತೆ ಸೊಸೆಯ ಬೆನ್ನು ಹತ್ತಿ ಬಂದಳು. ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಸೊಸೆ ಪ್ಯಾಂಟಿನಲ್ಲಿ ನಿಂತು ಗಾಳಿಗೆ ಒದ್ದು "ಹಾ" ಎಂದು ಒದರಿದಳು.

ಅತ್ತೆ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ. ನಿಜ ಹೇಳಬೇಕೆಂದರೆ ಬೇರೆ ಏನೂ ಹೊಳೆಯದೆ ನಿಯಮ ಹೇಳಿದೆ.

"ಕಾಕೂ, ಯುನಿಫಾರ್ಮ್ ಇಲ್ದ ಒಳಗ ಬರಾಕ ಬರೂದಿಲ್ರಿ."

"ನಾ ಕಲಿಯಾಕ ಬಂದಿಲ್ಲ. ನಮ್ಮ ಸೊಸೀನ ಎಳಕೊಂಡ ಹೋಗಾಕ ಬಂದೇನಿ."

"ಎಳಕೊಂಡ ಹೋಗಾಕೂ ಯುನಿಫಾರ್ಮ್ ಬೇಕ್ರಿ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಾಗಿಲ ಪಕ್ಕದ ಗೋಡೆಯ ಮೊಳೆಗೆ ಯುನಿಫಾರ್ಮಿನ ಒಂದು ಹೆಚ್ಚಿನ ಅಂಗಿ ತೂಗುತ್ತಿತ್ತು. ಅದನ್ನು ಕಸಿದು, ಸೀರೆಯ ಮೇಲೆಯೇ ತೊಟ್ಟು, ಚಪ್ಪಲಿ ಹೊರಗೆ ಬಿಟ್ಟು ದಬದಬ ಒಳಗೆ ನಡೆದಳು. ನಮ್ಮಲ್ಲಿ ಒಂದು ಪದ್ಧತಿ ಇದೆ. ಯುನಿಫಾರ್ಮ್ ಹಾಕಿದವರು ಯಾರೇ ಒಳಗೆ ಬಂದರೂ ಎಲ್ಲರೂ ಆಟ ನಿಲ್ಲಿಸಿ, ನಡು ಬಾಗಿಸಿ, "ಓಸ್" ಎಂದು ನಮಸ್ಕಾರ ಹೇಳುತ್ತಾರೆ. ಅಂಗಿ ಕಂಡದ್ದೇ ತಡ, ಇಡೀ ಹಾಲು ಅತ್ತೆಯ ಮುಂದೆ ಬಾಗಿತು. ಅವರಲ್ಲಿ ಬ್ಯಾಂಕಿನ ಅಕ್ಕ ಇದ್ದಳು, ಪೇಠೆಯ ದೊಡ್ಡ ಕಿರಾಣಿ ಅಂಗಡಿಯ ಸಾಹುಕಾರತಿ ಇದ್ದಳು. ಕುರಿ ಕಾಯುವ ಮನೆಯ ಹೆಂಗಸನ್ನು ಅವರೆಲ್ಲ ಬೀದಿಯಲ್ಲಿ ಮುಖ ಎತ್ತಿಯೂ ನೋಡಿದವರಲ್ಲ.

ಅತ್ತೆ ನಿಂತಲ್ಲೇ ನಿಂತಳು. ಅಂಗಿಯ ಮುಂಭಾಗ ಎಳೆದು ಸರಿ ಮಾಡಿಕೊಂಡಳು. ಬೆನ್ನು ತಾನಾಗಿ ನೆಟ್ಟಗಾಯಿತು. ಸೊಸೆಯನ್ನು ನೋಡಲೂ ಇಲ್ಲ, ತಿರುಗಿ ನನ್ನ ಹತ್ತಿರ ಬಂದಳು.

"ಇವರು ದಿನಾ ಹಿಂಗ ಬಾಗತಾರೇನ್ರಿ?"

"ದಿನಾ ಬಾಗತಾರ್ರಿ."

"ಆ ಕಿರಾಣಿ ಅಂಗಡಿಯಾಕಿನೂ?"

"ಆಕಿನೂ."

ಅತ್ತೆ ಅಂಗಿಯ ತೋಳು ಮಡಚಿಕೊಂಡಳು.

"ಹಂಗಾರ ನಾಳಿಗಿ ನಾ ಎಷ್ಟ ಗಂಟೇಕ ಬರ್ಲಿ?"

೩. ಎರಡು ಕಾಲಿನ ಸೀರೆ

ಬಂದಳು. ಆದರೆ ಪ್ಯಾಂಟು ಮುಟ್ಟಲಿಲ್ಲ. ಅಂಗಿ ಸೈ, ಬೆಲ್ಟು ಸೈ, ಕೆಳಗೆ ಒಂಬತ್ತು ವಾರಿ. ಪ್ಯಾಂಟು ಕಡ್ಡಾಯ ಎಂದು ನಾನು ಹೇಳಿದರೆ ಕಚ್ಚೆಯನ್ನು ಝಾಡಿಸಿ ತೋರಿಸಿದಳು.

"ನಿಮ್ಮ ಪ್ಯಾಂಟಿಗಿ ಎಷ್ಟ ಕಾಲ ಅದಾವ್ರಿ?"

"ಎರಡ್ರಿ."

"ನಮ್ಮ ಸೀರಿಗೂ ಎರಡ ಅದಾವ. ಎಣಿಸಿ ನೋಡ್ರಿ ಬೇಕಾರ."

ವಾದದಲ್ಲಿ ನಾನು ಸೋತೆ. ಸೊಸೆಯ ವಿಷಯದಲ್ಲಿ ಮಾತ್ರ ಅತ್ತೆ ಒಂದು ಕರಾರು ಹಾಕಿದಳು. ಹಾಲಿನೊಳಗೆ ಪ್ಯಾಂಟು ಇರಲಿ, ಮನೆಯೊಳಗೂ ಇರಲಿ, ಆದರೆ ರಸ್ತೆಯಲ್ಲಿ ಕಾಣಬಾರದು. ಹೀಗಾಗಿ ಸುಳ್ಳು ಬಸುರು ಬಯಲಾದರೂ ಸೀರೆಯ ಸುತ್ತು ತಪ್ಪಲಿಲ್ಲ. ಅತ್ತೆ ಸೊಸೆ ಕೂಡಿ ಬರುವಾಗ ಸೊಸೆ ಮಾತ್ರ ಕಾಲಿಗೆ ಸೀರೆ ತೊಡರಿಸಿಕೊಂಡು ಹಿಂದೆ ಬೀಳುತ್ತಿದ್ದಳು. "ಒಂದ ದಿನ ಹಿಂಗ, ಬರೇ ಯುನಿಫಾರ್ಮಿನ್ಯಾಗ, ಪೇಠೆಯಾಗ ಹಾದು ಹೋಗಬೇಕ್ರಿ ಬಾಯಾರ" ಎಂದು ಅವಳು ಆಗಾಗ ಹೇಳುತ್ತಿದ್ದಳು. ನನಗೂ ಅದನ್ನು ನೋಡುವ ಆಸೆ ಬಲವಾಗಿತ್ತು.

ಇನ್ನು ಬಾಗುವ ತಂಟೆ. ಸೊಸೆಯದು ಹಳದಿ ಬೆಲ್ಟು, ಅತ್ತೆಯದು ಹೊಸ ಬಿಳಿ ಬೆಲ್ಟು. ನಿಯಮದ ಪ್ರಕಾರ ಅತ್ತೆಯೇ ಮೊದಲು ಬಾಗಬೇಕು. ಕಿರಾಣಿ ಅಂಗಡಿಯವಳ ನಮಸ್ಕಾರ ಬೇಕೆಂದರೆ ಸೊಸೆಗೆ ನಮಸ್ಕಾರ ಕೊಡಲೇಬೇಕು. ಅತ್ತೆ ಹಲ್ಲು ಕಚ್ಚಿ ಬಾಗಿದಳು. ಸೊಸೆ ಅತ್ತೆಗಿಂತ ಕೆಳಗೆ ಬಾಗಿ ಇನ್ನೇನು ಕಾಲು ಮುಟ್ಟುವುದರಲ್ಲಿದ್ದಳು, ನಾನು ಗದರಿಸಿ ಎಬ್ಬಿಸಿದೆ. ಆ ಗದರಿಕೆಯೇ ಎಡವಟ್ಟಾಯಿತು.

"ಯುನಿಫಾರ್ಮ್ ಮೈಮ್ಯಾಲ ಇರೂತನಕ ನೀ ಸೊಸಿ ಅಲ್ಲ. ತಿಳೀತೇನ?"

ಅವಳಿಗೆ ಚೆನ್ನಾಗಿಯೇ ತಿಳಿಯಿತು. ಅವತ್ತು ಮನೆಗೆ ಹೋಗಿ ಸೀರೆ ಬಿಚ್ಚಿ ಇಟ್ಟಳು, ಯುನಿಫಾರ್ಮ್ ಬಿಚ್ಚಲಿಲ್ಲ. ಅತ್ತೆ ರೊಟ್ಟಿ ಬಡಿ ಎಂದರೆ, "ಅತ್ತಿ, ನಾ ಇನ್ನೂ ಯುನಿಫಾರ್ಮಿನ್ಯಾಗ ಅದೇನ್ರಿ" ಎಂದು ವಿನಯದಿಂದ ಹೇಳಿದಳು. ಅತ್ತೆ ಜಗಳಗಂಟಿ ಇರಬಹುದು, ಆದರೆ ನಿಯಮ ಎಂದರೆ ಪ್ರಾಣ. ದೇವರ ಮುಂದೆ ಮಾತು ಕೊಟ್ಟಂತೆ ಕ್ಲಾಸಿನ ನಿಯಮಕ್ಕೂ ಕಟ್ಟುಬಿದ್ದವಳು. ತಾನು ಅಂಗಿ ಕಳಚಿ ತಾನೇ ಒಲೆಯ ಮುಂದೆ ಕೂತಳು. ಸೊಸೆಯ ಯುನಿಫಾರ್ಮ್ ದಿನದಿನಕ್ಕೆ ತಡವಾಗಿ ಇಳಿಯತೊಡಗಿತು. ಚಹಾ ತಡ, ರೊಟ್ಟಿ ತಡ, ಕುರಿ ಹೊಡೆದುಕೊಂಡು ಹೊರಡುವುದೂ ತಡ.

ಒಂದು ದಿನ ಆ ಮನೆಯ ಮಾವ ಕುರಿಗಳ ಸಮೇತ ನನ್ನ ಸ್ಕೂಟಿಗೆ ಅಡ್ಡ ನಿಂತರು. ಹೆಗಲ ಮೇಲೆ ಕಂಬಳಿ, ಮೆತ್ತಗಿನ ಮಾತಿನ ಮನುಷ್ಯ.

"ಬಾಯಾರ, ಹಾಕ್ಕೊಳ್ಳೂದ ಕಲಿಸೀರಿ, ಭಾಳ ಛಲೋ ಆತ್ರಿ. ಕಳಿಯೂದ ಯಾವಾಗ ಕಲಸ್ತೀರಿ?"

೪. ಗಂಜಿಯ ಏಟು

ಇಷ್ಟಕ್ಕೆಲ್ಲ ಕಾರಣವಾದ ಬಟ್ಟೆ ನಾನು ತರುವುದು ಕಬನೂರಿನಿಂದ. ಅಲ್ಲಿಯ ಗಂಡಸರು ಏನು ಕಡಿಮೆ ಎಂದು ಯಾರೂ ತಿಳಿಯಬಾರದು.

ಅಲ್ಲಿಯ ಕ್ಲಾಸಿಗೆ ಸೈಜಿಂಗ್ ಕಾರಖಾನೆಯ ಒಬ್ಬ ಬರುತ್ತಾನೆ. ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಾಕುವುದು ಅವನ ಕೆಲಸ. ಸಣಕಲು, ಸಂಕೋಚದ ಮನುಷ್ಯ. ಅವನು ಹೊಡೆದರೆ ಎದುರಿನವನು "ಹೊಡದ್ಯೇನ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ದೊಡ್ಡ ದೊಡ್ಡವರು ಮುಷ್ಟಿ ಬೀಸಿದಾಗ ತೋಳಿನ ಬಟ್ಟೆ "ಫಟ್" ಎಂದು ಸದ್ದು ಮಾಡುವುದನ್ನು ಅವನು ಮೊಬೈಲಿನಲ್ಲಿ ನೋಡಿದ. ಶಕ್ತಿ ಎಲ್ಲ ಆ ಸದ್ದಿನಲ್ಲಿದೆ ಎಂದು ಅವನಿಗೆ ಮನವರಿಕೆಯಾಯಿತು. ಸದ್ದು ಬರಿಸುವುದು ಅವನ ಕೈಯಲ್ಲೇ ಇತ್ತು. ಕಾರಖಾನೆಯಲ್ಲಿ ಉಳಿದ ಗಂಜಿಯಲ್ಲಿ ಯುನಿಫಾರ್ಮನ್ನು ಅದ್ದಿ ತೆಗೆದು ಒಣಗಿಸಿದ.

ಮುಂದಿನ ರವಿವಾರ ಬಂದಾಗ ಅವನಿಗೆ ಕೂರಲು ಬರುತ್ತಿರಲಿಲ್ಲ. ಮೆಟ್ಟಿಲನ್ನು ಬಗ್ಗದ ಮೊಣಕಾಲಿನಿಂದ ಹತ್ತಿದ. ಆದರೆ ಮುಷ್ಟಿ ಬೀಸಿದರೆ ಫಟ್! ಕಾಲು ಬೀಸಿದರೆ ಫಟಾರ್! ಎದುರಿನವರು ಏಟು ಬೀಳುವ ಮೊದಲೇ ಹಿಂದೆ ಸರಿದರು. ಒಂದೇ ದಿನದಲ್ಲಿ ಮನುಷ್ಯನ ನಡಿಗೆ ಬದಲಾಯಿತು, ದನಿ ಬದಲಾಯಿತು. "ಶಕ್ತಿ ಟೊಂಕದಾಗಿಂದ ಬರಬೇಕ್ರೋ" ಎಂದು ಬೇರೆಯವರಿಗೆ ಹೇಳಿಕೊಡತೊಡಗಿದ. ಸೋಜಿಗವೆಂದರೆ ಅವನ ಏಟಿನಲ್ಲಿ ನಿಜವಾಗಿಯೂ ಬಲ ಬಂದಿತ್ತು. ನಾನೇ ಕೈ ಅಡ್ಡ ಹಿಡಿದು ನೋಡಿದ್ದೆ, ಜುಮ್ಮೆಂದಿತು. ಗಂಜಿ ಬಟ್ಟೆಯಿಂದ ಮನಸ್ಸಿಗೆ ಇಳಿದಿತ್ತು.

ಮಳೆಗಾಲ ಬಂತು. ಒಂದು ರವಿವಾರ ಅವನು ಗಾಡಿಯ ಮೇಲೆ ತೊಯ್ದು ತೊಪ್ಪೆಯಾಗಿ ಬಂದ. ಗಂಜಿ ಕರಗಿ ಬಟ್ಟೆ ಮೈಗೆ ಮೆತ್ತಿಕೊಂಡಿತ್ತು. ಎದುರಾಳಿಯ ಮುಂದೆ ನಿಂತು ಎಂದಿನ ಗತ್ತಿನಲ್ಲಿ ಮುಷ್ಟಿ ಬೀಸಿದ. "ಪಚ್" ಎಂದಿತು. ಎದುರಿನವನು ನಿಂತಲ್ಲೇ ನಿಂತಿದ್ದ. ಇವನು ತನ್ನ ತೋಳು ನೋಡಿಕೊಂಡ, ಮುಷ್ಟಿ ನೋಡಿಕೊಂಡ, ಆಮೇಲೆ ಕೈ ಜೋಡಿಸಿ ಎದುರಾಳಿಗೆ ಹೇಳಿದ.

"ಇವತ್ತ ಇಷ್ಟ ಇರಲಿ ದೋಸ್ತಾ. ಬಿಸಿಲ ಬಿದ್ದಮ್ಯಾಲ ಬಡಿತೇನಿ."

೫. ಬೀರಪ್ಪ ಕೊಟ್ಟ ಬೆಲ್ಟು

ಈಚೆ ಗಡಹಿಂಗ್ಲಜದಲ್ಲಿ ಪರೀಕ್ಷೆ ಹತ್ತಿರ ಬಂತು. ಅತ್ತೆಗೆ ಹಳದಿ ಬೆಲ್ಟಿನ ಪರೀಕ್ಷೆ, ಸೊಸೆಗೆ ಅದರ ಮೇಲಿನದು. ಸೊಸೆಯನ್ನು ಹಿಂದೆ ಹಾಕಲಾಗದಿದ್ದರೂ ಹಿಂದೆಯೇ ಹತ್ತಿಕೊಂಡು ಹೋಗಬೇಕು ಎಂದು ಅತ್ತೆಗೆ ಹಟ. ಕುರಿ ದೊಡ್ಡಿಯಲ್ಲಿ ಅಭ್ಯಾಸ ಮಾಡುವಾಗ ಟಗರು ಕೂಡ ದೂರ ನಿಲ್ಲುತ್ತದೆ ಎಂದು ಮಾವನೇ ಹೇಳಿದರು.

ಒಂದು ಸೋಮವಾರ ಅತ್ತೆ ಹಾಲಿಗೆ ಬಂದಳು. ನಡುವಿನಲ್ಲಿ ಹಳದಿ ಬೆಲ್ಟು. ಹೊಸ ಬಿಳಿ ಬೆಲ್ಟಿನ ಹುಡುಗಿಯರು ಗಾಬರಿಯಾಗಿ ಬಾಗಿದರು. ಅತ್ತೆ ಸೊಸೆಯ ಪಕ್ಕದಲ್ಲಿ, ಸರಿಸಮ ಸಾಲಿನಲ್ಲಿ ನಿಂತಳು.

"ಕಾಕೂ, ಇದೆಲ್ಲಿಂದ ಬಂತ್ರಿ? ಪರೀಕ್ಷಾನ ಆಗಿಲ್ಲಲ್ರಿ?"

ಆದದ್ದು ಇಷ್ಟು. ಅವರ ಮನೆತನದಲ್ಲಿ ಯಾವುದೇ ಹೊಸ ಕೆಲಸದ ಮುಂಚೆ ವಸ್ತುವನ್ನು ಮನೆದೇವರು ಬೀರಪ್ಪನ ಮುಂದೆ ಇಟ್ಟು ಭಂಡಾರ ಹಚ್ಚುತ್ತಾರೆ. ಭಂಡಾರವೆಂದರೆ ಅರಿಷಿಣದ ಪುಡಿ. ಪರೀಕ್ಷೆ ಸುಸೂತ್ರವಾಗಲೆಂದು ಅತ್ತೆ ಬೆಲ್ಟನ್ನು ದೇವರ ಮುಂದೆ ಇಟ್ಟಿದ್ದಳು. ಚಿಟಿಕೆ ಹಚ್ಚುವುದು ಬಿಟ್ಟು ಭಕ್ತಿಯಿಂದ ಬೊಗಸೆಗಟ್ಟಲೆ ಸುರಿದಿದ್ದಳು. ಬೆಲ್ಟು ಪೂರಾ ಹಳದಿಯಾಯಿತು. ಅದರಲ್ಲಿ ಅತ್ತೆಗೆ ದೇವರ ತೀರ್ಪು ಕಂಡಿತು.

"ಇದು ನಡಿಯೂದಿಲ್ರಿ ಕಾಕೂ. ಬೆಲ್ಟ್ ಕೊಡಾವ್ರು ಕೊಲ್ಹಾಪುರದ ಗುರುಗಳು."

"ನಿಮ್ಮ ಗುರು ದೊಡ್ಡಾವ್ರೋ, ನಮ್ಮ ಬೀರಪ್ಪ ದೊಡ್ಡಾವೋ?"

ಈ ಪ್ರಶ್ನೆಗೆ ಉತ್ತರ ಹೇಳಿ ಆ ಓಣಿಯಲ್ಲಿ ಜೀವಂತ ತಿರುಗಾಡುವ ಧೈರ್ಯ ನನಗಿರಲಿಲ್ಲ. ಬೀರಪ್ಪನಿಗೆ ಕರಾಟೆಯ ಒತ್ತಡ ಹಾಕುವುದು ಬೇಡ, ಬೆಲ್ಟನ್ನು ಚೆನ್ನಾಗಿ ಒಗೆದು ತನ್ನಿರಿ ಎಂದು ಕೈಮುಗಿದೆ. ಅತ್ತೆ ಮುನಿಸಿಕೊಂಡೇ ಒಪ್ಪಿದಳು.

ಮನೆಯಲ್ಲಿ ಅರಿಷಿಣದ ಕಲೆಗೆ ಸಾಬೂನು ಹಚ್ಚಿದ ಹೆಂಗಸರಿಗೆ ಮುಂದೆ ಏನಾಯಿತೆಂದು ಗೊತ್ತಾಗಿರುತ್ತದೆ. ಸಾಬೂನು ತಾಗಿದ ಕೂಡಲೇ ಅರಿಷಿಣ ಕೆಂಪಗಾಗುತ್ತದೆ. ಕೆಂಪು ಬೆಲ್ಟು ಎಂದರೆ ಕರಾಟೆಯಲ್ಲಿ ಕಪ್ಪಿಗಿಂತಲೂ ಮೇಲು; ಜೀವಮಾನವೆಲ್ಲ ತೇಯ್ದ ಮುದಿ ಮಹಾಗುರುಗಳಿಗೆ ಮಾತ್ರ ಸಿಗುವುದು. ನನ್ನ ಗುರುಗಳಿಗೇ ಅದು ಸಿಕ್ಕಿಲ್ಲ. ಮರುದಿನ ಅತ್ತೆ ಅದನ್ನು ಬಿಗಿದುಕೊಂಡು ಬಾಗಿಲಲ್ಲಿ ನಿಂತಾಗ ನಾನು, ಕಪ್ಪು ಬೆಲ್ಟಿನವಳು, ಅಭ್ಯಾಸಬಲದಿಂದ ಥಟ್ಟನೆ ಬಾಗಿಬಿಟ್ಟೆ.

ಅತ್ತೆ ಸೊಸೆಯ ಕಡೆ ತಿರುಗಿದಳು.

"ನೋಡಿದ್ಯಾ? ಇನ್ನೊಮ್ಮೆ ಒಗದ್ರ ಏನಾಗತೇನೋ!"

೬. ಕೊಲ್ಹಾಪುರದ ಪರೀಕ್ಷೆ

ಬಿಸಿಲಿಗೆ ಒಣಹಾಕಿ ಒಣಹಾಕಿ ಬೆಲ್ಟು ಅಂತೂ ಬಿಳಿಯಾಯಿತು. ಪರೀಕ್ಷೆಯ ದಿನ ನಾವೆಲ್ಲ ಮುಂಜಾನೆಯ ಎಸ್ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದೆವು. ಪರೀಕ್ಷೆ ನಡೆಯುವ ಹಾಲಿನ ಪಕ್ಕದಲ್ಲೇ ಕುಸ್ತಿಯ ಗರಡಿ. ಲಂಗೋಟಿಯ ಪೈಲ್ವಾನರು ಮೈಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ಹೊರಗೆ ಕೂತಿದ್ದರು. ಅತ್ತೆ ಅವರನ್ನು ನೋಡಿ, "ಇವರಿಗಿ ಯುನಿಫಾರ್ಮ್ ಕೊಡಾವ್ರು ಯಾರೂ ಸಿಕ್ಕಿಲ್ಲ ಏನ, ಪಾಪ" ಎಂದಳು.

ಸೊಸೆಯ ಪರೀಕ್ಷೆ ಮೊದಲು ಮುಗಿಯಿತು. ಚೆನ್ನಾಗಿ ಮಾಡಿದಳು. ಆಮೇಲೆ ಬಿಳಿ ಬೆಲ್ಟಿನವರ ಸರದಿ. ನನ್ನ ಗುರುಗಳು ಕನ್ನಡಕ ಏರಿಸಿ ಅತ್ತೆಯ ಕಾಲುಗಳನ್ನು ನೋಡಿದರು.

"ಹೇ ಕಾಯ್?" ಇದೇನಿದು ಎಂದು ಮರಾಠಿಯಲ್ಲಿ ಕೇಳಿದರು.

ನಾನು ಅತ್ತೆಯ ಎರಡು ಕಾಲಿನ ವಾದವನ್ನೇ ಮಂಡಿಸಿದೆ. ಅವರು ನಗಲಿಲ್ಲ. ಪೂರ್ತಿ ಯುನಿಫಾರ್ಮ್ ಇಲ್ಲದೆ ಪರೀಕ್ಷೆ ಇಲ್ಲ. "ನಿಯಮ ಮ್ಹಣಜೆ ನಿಯಮ," ನಿಯಮ ಎಂದರೆ ನಿಯಮ, ಅಂದರು. ನನಗೆ ಕಲಿಸಿದ ಮಾತನ್ನು ನನಗೇ ತಿರುಗಿಸಿದರು.

ಅತ್ತೆ ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಸುಮ್ಮನೆ ಹೋಗಿ ಬೆಂಚಿನ ಮೇಲೆ ಕೂತಳು. ಅಷ್ಟು ಎತ್ತರದ ಹೆಂಗಸು ಅವತ್ತು ಸಣ್ಣವಳಾಗಿ ಕಂಡಳು. "ಬೀರಪ್ಪಗ ಹೇಳಿ ಬಂದೇನಿ," ಎಂದು ಒಂದೇ ಮಾತು.

ಸೊಸೆ ಅತ್ತೆಯ ಮುಂದೆ ಬಂದು ನಿಂತಳು.

"ಅತ್ತಿ, ಏಳ್ರಿ. ನನ್ನ ಪ್ಯಾಂಟ್ ಹಾಕ್ಕೊಳ್ರಿ."

"ಹುಚ್ಚದೀಯೇನ? ಹಾದಿ ಬೀದಿಗಿ ಬಂದ ನಾ ಪ್ಯಾಂಟ್ ಹಾಕ್ಕೊಳ್ಳಲೇನ? ನೀ ಏನ ಉಟಗೋತೀ?"

"ನಿಮ್ಮ ಸೀರಿ. ನಂದ ಉಡಾಕ ಒಳಗ ಪ್ಯಾಂಟ್ ಬೇಕ್ರಿ, ನಿಮ್ಮದಕ್ಕ ಬ್ಯಾಡ."

"ಛೇ, ಬ್ಯಾಡ."

ಸೊಸೆ ಸೊಂಟದ ಮೇಲೆ ಕೈ ಇಟ್ಟಳು. ಕ್ಲಾಸಿನಲ್ಲಿ ಒದರುವ ದನಿ ಹೊರಗೆ ಬಂತು.

"ಯುನಿಫಾರ್ಮ್ ಮೈಮ್ಯಾಲ ಐತಿ. ನನ್ನ ಬೆಲ್ಟ್ ದೊಡ್ಡದು. ಹೇಳಿದಷ್ಟ ಕೇಳ್ರಿ, ಏಳ್ರಿ!"

ಅತ್ತೆ ಎದ್ದಳು. ನಿಯಮಕ್ಕೆ ಕಟ್ಟುಬಿದ್ದವಳು ಏಳದೆ ಏನು ಮಾಡಿಯಾಳು? ಇಬ್ಬರೂ ಬಟ್ಟೆ ಬದಲಿಸುವ ಕೋಣೆಗೆ ಹೋದರು. ಒಳಗಿನಿಂದ "ಬಿಗಿ ಆತು", "ಉಸರ ಬಿಡಬ್ಯಾಡ್ರಿ", "ಲಾಡಿ ಹರೀತೈತಿ" ಎಂಬ ಮಾತುಗಳು ಕೇಳಿದವು. ಬಾಗಿಲು ತೆರೆದಾಗ ಸೊಸೆ ಒಂಬತ್ತು ವಾರಿ ಉಟ್ಟು ತಲೆ ತುಂಬ ಸೆರಗು ಹೊದ್ದಿದ್ದಳು. ಅತ್ತೆ ಪೂರ್ತಿ ಯುನಿಫಾರ್ಮಿನಲ್ಲಿ, ಇಲ್ಲದ ಸೆರಗನ್ನು ತಲೆಯ ಮೇಲೆ ತಡಕಾಡುತ್ತ ಹೊರಗೆ ಬಂದಳು. ನಾಲ್ಕು ಹೆಜ್ಜೆ ನಡೆದು ನಿಂತಳು.

"ಬಾಯಾರ, ಇದೇನ್ರಿ ಇದು? ಕಾಲೊಳಗ ಗಾಳಿ ಆಡತೈತಿ!"

ಪರೀಕ್ಷೆ ಶುರುವಾಯಿತು. ಗುರುಗಳು ತೀರ ಎದುರಿಗೇ ಚಹಾದ ಕಪ್ಪು ಹಿಡಿದು ಕೂತಿದ್ದರು. ಅತ್ತೆ ಇಷ್ಟು ದಿನ ಅಭ್ಯಾಸ ಮಾಡಿದ್ದು ಒಂಬತ್ತು ವಾರಿ ಸೀರೆಯ ಭಾರ ಎತ್ತಿಕೊಂಡು. ಆ ಭಾರ ಅವತ್ತು ಇರಲಿಲ್ಲ ಎಂಬುದು ಅವಳ ಕಾಲಿಗೆ ಗೊತ್ತಿರಲಿಲ್ಲ. ಒದೆ ಎಂದ ಕೂಡಲೇ ಎಂದಿನಷ್ಟೇ ಜೋರು ಹಾಕಿ ಎತ್ತಿದಳು. ಕಾಲು ಸೊಂಟ ದಾಟಿತು, ಹೆಗಲು ದಾಟಿತು, ಗುರುಗಳ ಕೈಯಲ್ಲಿದ್ದ ಕಪ್ಪನ್ನು ದಾಟಿಸಿತು. ಕಪ್ಪು ಕಿಟಕಿಯಿಂದ ಹೊರಗೆ ಹೋಗಿ ಪೈಲ್ವಾನರ ನಡುವೆ ಬಿತ್ತು. ಅತ್ತೆ ತನ್ನ ಕಾಲನ್ನು ತಾನೇ ಬೆರಗಾಗಿ ನೋಡುತ್ತಿದ್ದಳು.

ಗುರುಗಳು ಖಾಲಿ ಕೈಯನ್ನು ನೋಡಿಕೊಂಡರು. "ಪಾಸ್," ಅಂದರು. ಎರಡನೇ ಒದೆ ಕೇಳುವ ಉಮೇದು ಅವರಿಗೆ ಉಳಿದಿರಲಿಲ್ಲ.

ತಿರುಗಿ ಬರುವಾಗ ಸೊಸೆ ಪ್ಯಾಂಟು ಕೇಳಿದಳು. ಅತ್ತೆ ಕಿಟಕಿಯ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತು, "ಇರಲಿ ಬಿಡು, ಊರ ಬರ್ಲಿ" ಅಂದಳು. ಊರು ಬಂತು. ಸ್ಟ್ಯಾಂಡಿನಿಂದ ಮನೆಯತನಕ, ಪೇಠೆಯ ನಡುವೆ, ಕಿರಾಣಿ ಅಂಗಡಿಯ ಮುಂದೆ, ನಳದ ಹತ್ತಿರದ ಹೆಂಗಸರ ಮುಂದೆ ಅತ್ತೆ ಪ್ಯಾಂಟಿನಲ್ಲಿ ಹಳದಿ ಬೆಲ್ಟು ಬಿಗಿದು ನಡೆದಳು. ಒಬ್ಬಳು ಬಾಯಿ ಮೇಲೆ ಕೈ ಇಟ್ಟುಕೊಂಡು, "ಇದೇನವಾ ಇದು?" ಅಂದಳು. ಅತ್ತೆ ನಿಂತು ಉತ್ತರ ಕೊಟ್ಟಳು.

"ಯುನಿಫಾರ್ಮ್. ನಾಳಿಂದ ನಮ್ಮ ಸೊಸಿನೂ ಹಿಂಗ ಬರತಾಳ. ಹೊಟ್ಟಿ ಲೆಕ್ಕ ಹಾಕೂದ ಬಿಡ್ರಿ."

ಹಿಂದೆ ಬರುತ್ತಿದ್ದ ಸೊಸೆ ಸೆರಗಿನೊಳಗೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನನಗಂತೂ ಎರಡೂ ಒಟ್ಟಿಗೆ ಬಂದವು.

ಮನೆಯ ಕಟ್ಟೆಯ ಮೇಲೆ ಮಾವ ಕೂತಿದ್ದರು. ಕಚ್ಚೆ ಸೀರೆ, ತಲೆ ತುಂಬ ಸೆರಗು ಕಂಡದ್ದೇ ತಮ್ಮ ಹೆಂಡತಿಯೇ ಎಂದುಕೊಂಡರು.

"ಬಂದ್ಯಾ? ಲಗೂ ಚಹಾ ಇಡು. ಆಕಿ ಯುನಿಫಾರ್ಮ್ ಕಳಿಯೂತನಕ ಕಾಯಾಕ ಆಗೂದಿಲ್ಲ."

ಸೀರೆಯೊಳಗಿಂದ ಸೊಸೆ ನಕ್ಕಳು. ಮಾವ ಬೆಚ್ಚಿ ಯುನಿಫಾರ್ಮಿನ ಮುಖ ನೋಡಿದರು, ಕೈಯಲ್ಲಿದ್ದ ಕೋಲು ಜಾರಿತು. ಅವತ್ತು ಸೊಸೆ ಚಹಾ ಮಾಡಿದಳು, ಯಾಕೆಂದರೆ ಸೀರೆ ಅವಳ ಮೈಮೇಲಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಕುಡಿದಳು. ಮರುದಿನವೇ ತನಗೂ ಒಂದು ಪ್ಯಾಂಟು ಹೊಲಿಸಿಕೊಂಡಳು. ಈಗ ಇಬ್ಬರೂ ಮುಂಜಾನೆ ಬರೇ ಯುನಿಫಾರ್ಮಿನಲ್ಲಿ ಪೇಠೆಯ ನಡುವಿನಿಂದ ಜೋಡಿಯಾಗಿ ಬರುತ್ತಾರೆ, ಜೋಡಿಯಾಗಿ ಹೋಗುತ್ತಾರೆ.

ಎಲ್ಲ ಸುಖಾಂತವಾಯಿತು ಎಂದು ನಾನು ನಿಶ್ಚಿಂತೆಯಿಂದಿರುವಾಗ ಮೊನ್ನೆ ಮಾವನ ಫೋನ್ ಬಂತು. ಹಿಂದೆ ಪಾತ್ರೆ ಬಿದ್ದ ಸದ್ದು, ಕುರಿ ಒದರುವ ಸದ್ದು.

"ಬಾಯಾರ, ನನ್ನ ಅಳತಿದೊಂದು ಯುನಿಫಾರ್ಮ್ ಬೇಕಾಗಿತ್ರಿ."

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. "ಭಾಳ ಛಲೋ ಆತ್ರಿ ಕಾಕಾ! ಯಾವಾಗಿಂದ ಕ್ಲಾಸಿಗಿ ಬರತೀರಿ?"

"ಅಯ್ಯ, ಕ್ಲಾಸ್ ಬ್ಯಾಡ್ರಿ. ಈ ವಯಸ್ಸಿನ್ಯಾಗ ನಾ ಯಾರನ್ನ ಒದಿಯಾಂವ?"

"ಮತ್ತ ಯುನಿಫಾರ್ಮ್ ಯಾಕ್ರಿ?"

ಮಾವ ದನಿ ಇಳಿಸಿದರು. ಒಲೆಯ ಮೇಲೆ ಏನೋ ಉಕ್ಕಿ ಚುಂಯ್ ಎಂದದ್ದು ನನಗೆ ಕೇಳಿತು.

"ಈ ಮನ್ಯಾಗ ಯುನಿಫಾರ್ಮ್ ಇಲ್ದಾಂವ ಈಗ ನಾ ಒಬ್ಬನ ಉಳದೇನ್ರಿ!"